ತೊಟ್ಟಿಯೊಳಗಿನ ಕಡಲು

ಉತ್ತರ ಕನ್ನಡ ಜಿಲ್ಲೆಯಲ್ಲಿ ಗೋಕರ್ಣದ ಸಮೀಪ ಸಾಣಿಕಟ್ಟಾ ಎಂಬ ಊರಿದೆ. ಅಲ್ಲಿನ ಉಪ್ಪಿನ ಆಗರಗಳು ಬಹು ಹಿಂದಿನಿಂದಲೂ ಹೆಸರಾದವು. ಮಳೆಗಾಲ ಕಳೆದು ಬಿಸಿಲು ಬಲಿತ ಮೇಲೆ, ಉಬ್ಬರದ ವೇಳೆಯಲ್ಲಿ ಒಳಬರುವ ಉಪ್ಪುನೀರನ್ನು ಜನರು ಮಣ್ಣಿನ ಒಡ್ಡುಗಳ ನಡುವೆ ತಡೆದು ನಿಲ್ಲಿಸುತ್ತಾರೆ. ಆ ನೀರನ್ನು ಒಂದು ಪಾತಿಯಿಂದ ಮತ್ತೊಂದು ಪಾತಿಗೆ ಹಾಯಿಸುತ್ತ ಹೋದಂತೆಲ್ಲ ಬಿಸಿಲೂ ಗಾಳಿಯೂ ಅದರೊಳಗಿನ ನೀರನ್ನು ಹೀರಿಕೊಳ್ಳುತ್ತವೆ. ಹತ್ತು ಪಾಲು ನೀರಿನಲ್ಲಿ ಸುಮಾರು ಒಂಬತ್ತು ಪಾಲು ಆವಿಯಾಗಿ ಹೋದ ಮೇಲೆ ಅಡುಗೆ ಉಪ್ಪಿನ ಹರಳುಗಳು ಮೂಡತೊಡಗುತ್ತವೆ. ಜನರು ಅದನ್ನು ಬಾಚಿ ರಾಶಿ ಮಾಡುತ್ತಾರೆ. ನೀರು ಹೋಯಿತು, ಉಪ್ಪು ಉಳಿಯಿತು. ಆಗರದ ಕಸುಬೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಸಮುದ್ರದ ಮೀನುಗಳನ್ನು ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಸಾಕುವವನ ನಡುಮನೆಯಲ್ಲಿಯೂ ಹಗಲಿರುಳು ನಡೆಯುವುದು ಇದೇ ಕ್ರಿಯೆ. ವ್ಯತ್ಯಾಸವೆಂದರೆ, ಆಗರದವರಿಗೆ ಉಪ್ಪು ಬೇಕು. ಮೀನು ಸಾಕುವವನಿಗೆ ಅದು ಹೆಚ್ಚಾಗುವುದು ಬೇಡ.

ಕಡಲಿನ ಜೀವಿಗಳನ್ನು ಕಡಲಿನಿಂದ ದೂರದಲ್ಲಿ ಸಾಕಬೇಕೆಂಬ ಆಸೆ ಇಂದಿನದಲ್ಲ. 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲತೀರದ ಊರಿನಿಂದ ಹವಳದ ಜೀವಿಗಳನ್ನು ಲಂಡನ್ ನಗರಕ್ಕೆ ತಂದು ಬಹು ದಿನ ಉಳಿಸಿಕೊಂಡಳು. ಆಗ ಗಾಳಿಯನ್ನು ಊದುವ ಯಂತ್ರಗಳಿರಲಿಲ್ಲ. ಅವಳ ಮನೆಯ ಕೆಲಸದಾಕೆ ಕಿಟಕಿಯ ಬಳಿ ನಿಂತು ಸಮುದ್ರದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹುಯ್ದು ಅದಕ್ಕೆ ಗಾಳಿಯನ್ನು ಕೂಡಿಸುತ್ತಿದ್ದಳು. ಮುಂದೆ 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಪಡಿಸುವ ಕ್ರಮವನ್ನು ಪ್ರಕಟಿಸಿದನು. ಇಂದು ಅಂಥ ಲವಣಮಿಶ್ರಣಗಳು ಪೊಟ್ಟಣಗಳಲ್ಲಿ ದೊರೆಯುತ್ತವೆ. ಲೀಟರು ನೀರಿಗೆ ಸುಮಾರು 35 ಗ್ರಾಂ ಲವಣ ಕರಗಿರುವಂತೆ ಕಲಸಿದರೆ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಕಡಲಿನ ನೀರು ಸಿದ್ಧವಾಗುತ್ತದೆ. ಅಡುಗೆ ಉಪ್ಪೊಂದನ್ನೇ ಕರಗಿಸಿದರೆ ಮಾತ್ರ ಸಾಲದು. ಸಮುದ್ರದ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡುಗಳ ಪಾಲು ನೂರಕ್ಕೆ ಸುಮಾರು 85. ಉಳಿದ ಪಾಲು ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳದು. ಆ ಚಿಕ್ಕ ಪಾಲೂ ಜೀವಕ್ಕೆ ಅಗತ್ಯ.

ಕೆಲವು ವರ್ಷಗಳ ಹಿಂದೆ ನಾನೂ ಅಂಥದೊಂದು ತೊಟ್ಟಿಯನ್ನು ಇರಿಸಿದೆ. ಉದ್ದ 80 ಸೆಂಟಿಮೀಟರು, ಅಗಲ 40 ಸೆಂಟಿಮೀಟರು. ಹಿಡಿಯುವ ನೀರು 100 ಲೀಟರು. ಅದರಲ್ಲಿ ಕೆಂಪು ಮೈಯ ಮೇಲೆ ಬಿಳಿಯ ಪಟ್ಟೆಗಳಿರುವ ಎರಡು ಕೋಡಂಗಿ ಮೀನುಗಳು, ಒಂದು ಸೀಗಡಿ, ಒಂದು ನಕ್ಷತ್ರಮೀನು ಇದ್ದವು. ನಕ್ಷತ್ರಮೀನು ಹೆಸರಿಗೆ ಮೀನಾದರೂ ಮೀನಲ್ಲ. ಬೆನ್ನೆಲುಬಿಲ್ಲದ, ಮುಳ್ಳುಚರ್ಮದ ಪ್ರಾಣಿ. ಹವಳಗಳನ್ನು ನಾನು ತರಲಿಲ್ಲ. ನಮ್ಮ ಕಡಲಿನ ಹವಳಗಳನ್ನೂ ಕಡಲಕುದುರೆಗಳನ್ನೂ ಹಿಡಿದು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾನೂನಿಗೆ ವಿರುದ್ಧ.

ಮೊದಲ ಕೆಲವು ವಾರ ಎಲ್ಲವೂ ಸೊಗಸಾಗಿತ್ತು. ಮಾರ್ಚ್ ತಿಂಗಳು ಬಂದಿತು. ಪ್ರತಿದಿನ ಬೆಳಗ್ಗೆ ನೋಡಿದರೆ ನೀರಿನ ಮಟ್ಟ ಒಂದೆಳೆ ತಗ್ಗಿರುತ್ತಿತ್ತು. ಅಳತೆ ಮಾಡಿ ನೋಡಿದಾಗ ದಿನಕ್ಕೆ ಒಂದು ಲೀಟರಿನಷ್ಟು ನೀರು ಆವಿಯಾಗುತ್ತಿತ್ತೆಂದು ತಿಳಿಯಿತು. ಆ ತೊಟ್ಟಿಯ ಬಾಯಿಯ ವಿಸ್ತೀರ್ಣಕ್ಕೆ ಒಂದು ಲೀಟರೆಂದರೆ ಮೂರು ಮಿಲಿಮೀಟರು ಮಾತ್ರ. ಕಡಲಿನ ಮೀನಿಗೆ ಕಡಲಿನ ನೀರಲ್ಲವೆ ಬೇಕು? ಹಾಗೆಂದು ತಿಳಿದು ನಾನು ದಿನವೂ ಒಂದು ಲೀಟರು ಉಪ್ಪುನೀರನ್ನು ಕ್ರಮವಾಗಿ ಕಲಸಿ, ಸೋಸಿ, ತೊಟ್ಟಿಗೆ ತುಂಬುತ್ತ ಬಂದೆ. ತೊಟ್ಟಿ ಸದಾ ತುಂಬಿ ತುಳುಕುತ್ತಿತ್ತು. ನನಗೆ ಬಹಳ ಸಮಾಧಾನವಾಗಿತ್ತು.

ತಿಂಗಳು ತುಂಬುವ ಹೊತ್ತಿಗೆ ಸೀಗಡಿ ಬಂಡೆಯ ಸಂದಿಯನ್ನು ಬಿಟ್ಟು ಹೊರಬರುವುದನ್ನು ನಿಲ್ಲಿಸಿತು. ಮೀನುಗಳು ತಿನಿಸನ್ನು ಕಂಡರೂ ಕಾಣದಂತಿದ್ದು, ಕಿವಿರುಗಳನ್ನು ಬೇಗಬೇಗನೆ ಬಡಿಯತೊಡಗಿದವು. ನಕ್ಷತ್ರಮೀನಿನ ತೋಳುಗಳು ಜೋತುಬಿದ್ದವು. ಒಂದು ಬೆಳಗ್ಗೆ ಅದರ ಚರ್ಮ ಅಲ್ಲಲ್ಲಿ ಕರಗಿದಂತೆ ಬಿಡುತ್ತಿರುವುದು ಕಂಡಿತು. ಸಂಜೆಯ ಹೊತ್ತಿಗೆ ಅದು ಸತ್ತಿತ್ತು.

ಆ ದಿನಗಳಲ್ಲಿ ನನ್ನ ಸೋದರತ್ತೆ ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಅವರು ಹುಟ್ಟಿ ಬೆಳೆದದ್ದು ಗೋಕರ್ಣದ ಕಡೆಯಲ್ಲಿ. ಚಿಕ್ಕಂದಿನಿಂದ ಆಗರಗಳನ್ನು ನೋಡಿ ಬಲ್ಲವರು. ಮರುದಿನ ಬೆಳಗ್ಗೆ ನಾನು ಎಂದಿನಂತೆ ಉಪ್ಪು ಕಲಸುತ್ತಿದ್ದುದನ್ನು ನೋಡಿ ಅವರು ಕೇಳಿದರು:

“ಇದು ಯಾತಕ್ಕೆ, ತಮಾ?”

“ತೊಟ್ಟಿಯ ನೀರು ಆರಿದೆ, ಅತ್ತೆ. ಅದಕ್ಕೆ ತುಂಬುತ್ತಿದ್ದೇನೆ.”

“ಆರಿದ್ದು ನೀರಲ್ಲವೊ? ಉಪ್ಪೇನು ಆರಿ ಹೋಗುತ್ತದೆಯೊ? ನೀನು ಮನೆಯೊಳಗೆ ಆಗರ ಮಾಡಲು ಹೊರಟ ಹಾಗಿದೆಯಲ್ಲ!”

ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಶಾಲೆಯಲ್ಲಿ ಓದಿದ್ದ ಪಾಠವೇ ಅದಾಗಿತ್ತು. ನೀರಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ಮೇಲ್ಮೈಯಲ್ಲಿರುವ ಅಣುಗಳಲ್ಲಿ ಹೆಚ್ಚು ವೇಗವುಳ್ಳವು ಉಳಿದವುಗಳ ಸೆಳೆತವನ್ನು ಮೀರಿ ಗಾಳಿಗೆ ಹಾರುತ್ತವೆ. ಕರಗಿದ ಲವಣದ ಕಣಗಳು ಹಾಗೆ ಹಾರಲಾರವು. ಆದುದರಿಂದ ಸಮುದ್ರದಿಂದೇಳುವ ಆವಿಯೂ ಸಿಹಿನೀರೇ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ನಾನು ನಡುಮನೆಯಲ್ಲಿ ಮರೆತಿದ್ದೆ.

ನಡೆದುದೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ನೂರು ಲೀಟರು ನೀರಿನಲ್ಲಿ, ಲೀಟರಿಗೆ 35 ಗ್ರಾಮಿನಂತೆ, 3,500 ಗ್ರಾಂ ಲವಣವಿತ್ತು. ದಿನಕ್ಕೊಂದು ಲೀಟರಿನಂತೆ 30 ದಿನಗಳಲ್ಲಿ 30 ಲೀಟರು ನೀರು ಆವಿಯಾಯಿತು. ಲವಣ ಒಂದು ಗ್ರಾಮೂ ಹೋಗಲಿಲ್ಲ. ಅದಕ್ಕೆ ಪ್ರತಿಯಾಗಿ ನಾನು 30 ಲೀಟರು ಉಪ್ಪುನೀರನ್ನು, ಎಂದರೆ 1,050 ಗ್ರಾಂ ಹೊಸ ಲವಣವನ್ನು ತುಂಬಿದೆ. ಒಟ್ಟು 4,550 ಗ್ರಾಂ, ಲೀಟರಿಗೆ 45.5 ಗ್ರಾಂ. ಇನ್ನೊಂದು ತಿಂಗಳು ಹೀಗೆಯೇ ಮುಂದುವರಿದಿದ್ದರೆ ಲೀಟರಿಗೆ 56 ಗ್ರಾಂ ಆಗುತ್ತಿತ್ತು. ಏನನ್ನೂ ತುಂಬದೆ ಸುಮ್ಮನಿದ್ದಿದ್ದರೆ? ಉಳಿದ 70 ಲೀಟರಿನಲ್ಲಿ ಅದೇ 3,500 ಗ್ರಾಂ ಲವಣವಿದ್ದು, ಲೀಟರಿಗೆ 50 ಗ್ರಾಂ ಆಗುತ್ತಿತ್ತು. ಇದು ಇನ್ನೂ ಹೆಚ್ಚಿನದು, ನಿಜ. ಆದರೆ ತೊಟ್ಟಿ ಮೂರನೆಯ ಒಂದು ಪಾಲಿನಷ್ಟು ಬರಿದಾಗಿ, ಏನೋ ಕೆಟ್ಟಿದೆಯೆಂದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಉಪ್ಪುನೀರನ್ನು ತುಂಬಿದ್ದರಿಂದ ಆ ಎಚ್ಚರಿಕೆಯೂ ಮರೆಯಾಯಿತು. ತುಂಬಿದ ತೊಟ್ಟಿಯೇ ನನ್ನನ್ನು ಮೋಸಗೊಳಿಸಿತು. ಒಂದು ಕಡೆ ಲೋಪ, ಇನ್ನೊಂದು ಕಡೆ ಆ ಲೋಪವನ್ನು ಮುಚ್ಚುವ ಶ್ರದ್ಧೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಉಪ್ಪು ಹೆಚ್ಚಾದರೆ ಕಡಲಿನಲ್ಲಿಯೇ ಹುಟ್ಟಿದ ಜೀವಿಗೆ ತೊಂದರೆಯೇಕೆ? ಇದನ್ನು ಅರಿಯಬೇಕಾದರೆ ಅಭಿಸರಣೆ ಎಂಬ ಕ್ರಿಯೆಯನ್ನು ನೆನೆಯಬೇಕು. ಸಣ್ಣ ರಂಧ್ರಗಳುಳ್ಳ ತೆಳುಪೊರೆಯ ಎರಡು ಬದಿಗಳಲ್ಲಿ ಬೇರೆಬೇರೆ ಸಾರತೆಯ ದ್ರಾವಣಗಳಿದ್ದರೆ, ನೀರು ಸಾರ ಕಡಿಮೆಯಿರುವ ಬದಿಯಿಂದ ಹೆಚ್ಚಾಗಿರುವ ಬದಿಗೆ ಹರಿಯುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದೂ ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುವುದೂ ಇದರಿಂದಲೇ. ಸಮುದ್ರದ ಮೂಳೆಮೀನುಗಳ ರಕ್ತದ ಸಾರತೆ ಸುತ್ತಲಿನ ನೀರಿನದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆದುದರಿಂದ ಕಡಲಿನ ನಡುವೆಯೇ ಇದ್ದರೂ ಅವುಗಳ ಮೈಯಿಂದ, ವಿಶೇಷವಾಗಿ ಕಿವಿರುಗಳ ಮೂಲಕ, ನೀರು ಹೊರಕ್ಕೆ ಜಾರಿಹೋಗುತ್ತಲೇ ಇರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಕಡಲಿನ ನೀರನ್ನೇ ಕುಡಿಯುತ್ತದೆ. ಕುಡಿದ ನೀರಿನ ಜೊತೆಗೆ ಒಳಸೇರಿದ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಜೀವಕೋಶಗಳು ಹೊರಕ್ಕೆ ತಳ್ಳುತ್ತವೆ. ಇದು ಶಕ್ತಿ ವ್ಯಯವಾಗುವ ದುಡಿಮೆ. ಸುತ್ತಲಿನ ನೀರು ಇನ್ನಷ್ಟು ಉಪ್ಪಾದರೆ ದುಡಿಮೆಯೂ ಹೆಚ್ಚುತ್ತದೆ. ಮೀನುಗಳು ಕಿವಿರು ಬಡಿದು ಬಳಲಿದ್ದು ಈ ಕಾರಣದಿಂದ.

ನಕ್ಷತ್ರಮೀನಿಗೆ ಆ ದುಡಿಮೆಯೂ ಸಾಧ್ಯವಿಲ್ಲ. ನಕ್ಷತ್ರಮೀನು, ಕಡಲ ಅನಿಮೋನಿ, ಹವಳ ಮೊದಲಾದವುಗಳ ಒಡಲಿನ ರಸವು ಹೊರಗಿನ ಸಮುದ್ರದಷ್ಟೇ ಸಾರವುಳ್ಳದ್ದು. ಹೊರಗೆ ಉಪ್ಪು ಏರಿದರೆ ಅವುಗಳ ಜೀವಕೋಶಗಳಿಂದ ನೀರು ಹೊರಗೆ ಸೆಳೆಯಲ್ಪಡುತ್ತದೆ. ಇಳಿದರೆ ಒಳಗೆ ನುಗ್ಗುತ್ತದೆ. ತಡೆಯುವ ಬಾಗಿಲೇ ಅವಕ್ಕಿಲ್ಲ. ಮೊದಲು ಸತ್ತದ್ದು ಅದೇ ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಒಂದು ಪ್ರಶ್ನೆಯನ್ನು ಕೇಳಬಹುದು. ಕೆಂಪು ಸಮುದ್ರದ ನೀರಿನಲ್ಲಿ ಲೀಟರಿಗೆ 40 ಗ್ರಾಮಿನಷ್ಟು ಲವಣವಿದೆ. ಅಲ್ಲಿ ಮೀನುಗಳೂ ಹವಳಗಳೂ ಸಮೃದ್ಧವಾಗಿ ಬಾಳುತ್ತಿಲ್ಲವೆ? ಬಾಳುತ್ತಿವೆ. ಆದರೆ ಅವು ತಲೆತಲಾಂತರಗಳಿಂದ ಅದೇ ನೀರಿಗೆ ಹೊಂದಿಕೊಂಡವು. ಅಲ್ಲಿನ ನೀರು ವಾರದಿಂದ ವಾರಕ್ಕೆ ಬದಲಾಗುವುದೂ ಇಲ್ಲ. ಸಾಗರದ ಅಗಾಧವಾದ ಒಡಲಿನಲ್ಲಿ ಒಂದು ದಿನದ ಬಿಸಿಲಿನಿಂದಾಗುವ ವ್ಯತ್ಯಾಸ ಗಣನೆಗೇ ಬಾರದು. ನೂರು ಲೀಟರಿನ ತೊಟ್ಟಿಯಲ್ಲಿಯಾದರೋ ದಿನಕ್ಕೆ ನೂರರಲ್ಲೊಂದು ಪಾಲು ನೀರು ಹೋಗುತ್ತದೆ. ಕಡಲಿನ ಜೀವಿಗಳು ಸ್ಥಿರತೆಯಲ್ಲಿ ಬೆಳೆದವು. ಅಂಕಿಯು ಸ್ವಲ್ಪ ಹೆಚ್ಚೋ ಕಡಿಮೆಯೋ ಆಗಿದ್ದರೆ ಸಹಿಸಿಯಾವು. ಅದು ದಿನದಿನಕ್ಕೂ ಏರಿಳಿಯುವುದನ್ನು ಸಹಿಸಲಾರವು.

ಹಾಗಾದರೆ ಸಾಗರದ ಉಪ್ಪು ಏರದೆ ಇರುವುದು ಹೇಗೆ? ಭೂಮಿಯ ಸಾಗರಗಳ ಮೇಲ್ಮೈಯಿಂದ ವರ್ಷಕ್ಕೆ ಸರಾಸರಿ ಒಂದು ಮೀಟರಿಗಿಂತ ಹೆಚ್ಚು ಆಳದ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮಳೆಯಾಗಿ ನೇರವಾಗಿ ಸಾಗರಕ್ಕೇ ಮರಳುತ್ತದೆ. ಉಳಿದದ್ದು ನೆಲದ ಮೇಲೆ ಸುರಿದು ನದಿಗಳಾಗಿ ಬಂದು ಸೇರುತ್ತದೆ. ಪ್ರಕೃತಿಯು ಹೋದ ಸಿಹಿನೀರಿಗೆ ಸಿಹಿನೀರನ್ನೇ ತಂದು ತುಂಬುತ್ತದೆ. ಎಲ್ಲಿ ಈ ತುಂಬುವಿಕೆ ನಿಲ್ಲುತ್ತದೆಯೋ ಅಲ್ಲಿ ನನ್ನ ತೊಟ್ಟಿಯಲ್ಲಿ ನಡೆದುದೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮಧ್ಯ ಏಷ್ಯದ ಅರಾಲ್ ಸಮುದ್ರವು ಹೆಸರಿಗೆ ಸಮುದ್ರವಾದರೂ ಒಂದು ಸರೋವರ. 1960ರ ವೇಳೆಗೆ ಜಗತ್ತಿನ ಸರೋವರಗಳಲ್ಲಿ ನಾಲ್ಕನೆಯ ದೊಡ್ಡದು. ಅದನ್ನು ತುಂಬುತ್ತಿದ್ದ ಅಮು ದರ್ಯಾ ಮತ್ತು ಸಿರ್ ದರ್ಯಾ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಲಾಯಿತು. ಬಿಸಿಲು ತನ್ನ ಪಾಲನ್ನು ತೆಗೆದುಕೊಳ್ಳುತ್ತಲೇ ಇತ್ತು, ತುಂಬುವವರಿರಲಿಲ್ಲ. 1960ರಲ್ಲಿ ಲೀಟರಿಗೆ 10 ಗ್ರಾಮಿನಷ್ಟಿದ್ದ ಲವಣ 1990ರ ಹೊತ್ತಿಗೆ 30 ಗ್ರಾಮಿನ ಆಸುಪಾಸಿಗೆ ಏರಿತು. 1980ರ ದಶಕದ ಆರಂಭದಲ್ಲಿಯೇ ಅಲ್ಲಿನ ಮೀನುಗಾರಿಕೆ ನಿಂತುಹೋಯಿತು. ದೋಣಿಗಳು ಒಣನೆಲದ ಮೇಲೆ ತುಕ್ಕು ಹಿಡಿದು ನಿಂತವು. 2005ರಲ್ಲಿ ಕಝಾಕಿಸ್ತಾನದವರು ಕೊಕ್ ಅರಾಲ್ ಎಂಬಲ್ಲಿ ಅಣೆಕಟ್ಟನ್ನು ಕಟ್ಟಿ ಸಿರ್ ದರ್ಯಾದ ನೀರು ಉತ್ತರದ ಚಿಕ್ಕ ಭಾಗದಲ್ಲಿ ನಿಲ್ಲುವಂತೆ ಮಾಡಿದರು. ಆ ಭಾಗದಲ್ಲಿ ಉಪ್ಪು ಇಳಿಯಿತು, ಮೀನುಗಳು ಮರಳಿ ಬಂದವು. ದಕ್ಷಿಣದ ಭಾಗಕ್ಕೆ ಆ ಭಾಗ್ಯ ದೊರೆಯಲಿಲ್ಲ.

ಇನ್ನು ಮನೆಯ ತೊಟ್ಟಿಯ ನಿರ್ವಹಣೆಯ ವಿಚಾರಕ್ಕೆ ಬರೋಣ. ಮೊದಲನೆಯದಾಗಿ, ನೀರು ಸರಿಯಾದ ಮಟ್ಟದಲ್ಲಿರುವಾಗ ಗಾಜಿನ ಮೇಲೆ ಒಂದು ಗೆರೆಯನ್ನು ಎಳೆದಿರಬೇಕು. ಹಾಗೆ ಮಾಡಿದರೆ ಮೂರು ಮಿಲಿಮೀಟರಿನ ಇಳಿತವೂ ತಪ್ಪದೆ ತಿಳಿಯುತ್ತದೆ. ಆದರೆ ಗೆರೆ ತಿಳಿಸುವುದು ನೀರಿನ ಪ್ರಮಾಣವನ್ನು ಮಾತ್ರ, ಉಪ್ಪಿನದನ್ನಲ್ಲ. ನಾನು ಮೋಸಹೋದದ್ದು ಇಲ್ಲಿಯೇ. ಉಪ್ಪನ್ನು ತಿಳಿಯಲು ಹೈಡ್ರೋಮೀಟರು ಬೇಕು. ಹಾಲಿನ ಡೇರಿಯಲ್ಲಿ ಹಾಲಿನ ಸಾಂದ್ರತೆಯನ್ನು ನೋಡಲು ತೇಲಿಬಿಡುವ ಲ್ಯಾಕ್ಟೋಮೀಟರನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಇದೂ ಅದೇ ಜಾತಿಯದು. ದ್ರವದ ಸಾಂದ್ರತೆ ಹೆಚ್ಚಿದಷ್ಟೂ ಅದು ಹೆಚ್ಚು ಮೇಲಕ್ಕೆದ್ದು ತೇಲುತ್ತದೆ. ಸಮುದ್ರದ ನೀರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದಾಗ ಅದು ತೋರಿಸುವ ವಿಶಿಷ್ಟ ಗುರುತ್ವ ಸುಮಾರು 1.026. ಅತ್ತೆಯ ಮಾತು ಕೇಳಿದ ದಿನ ನಾನು ಹೈಡ್ರೋಮೀಟರನ್ನು ತಂದು ತೇಲಿಬಿಟ್ಟಾಗ ಅದು 1.033ರ ಬಳಿ ನಿಂತಿತು. ನೀರು ಬಿಸಿಯಾದರೆ ಸಾಂದ್ರತೆ ಇಳಿಯುವುದರಿಂದ, ಉಪಕರಣದ ಮೇಲೆ ಯಾವ ಉಷ್ಣತೆಯನ್ನು ನಮೂದಿಸಿದೆಯೋ ಅದೇ ಉಷ್ಣತೆಯಲ್ಲಿ ಅಳತೆಯನ್ನು ನೋಡತಕ್ಕದ್ದು. ಅದಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಮೊದಲು ತಟ್ಟಿ ಬಿಡಿಸಬೇಕು; ಒಂದೆರಡು ಗುಳ್ಳೆಗಳಿದ್ದರೂ ಅದು ಸುಳ್ಳು ಹೇಳುತ್ತದೆ.

ತುಂಬಬೇಕಾದದ್ದು ಸಿಹಿನೀರು, ಸರಿ. ಆದರೆ ಎಂಥ ಸಿಹಿನೀರು? ನಲ್ಲಿಯ ನೀರಿನಲ್ಲಿರುವ ಕ್ಲೋರೀನ್ ಕಿವಿರುಗಳನ್ನು ಸುಡುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಕ್ಲೋರೀನ್ ಇರುವುದಿಲ್ಲ. ಆದರೆ ನಮ್ಮ ಬಯಲುಸೀಮೆಯ ಕೊಳವೆ ಬಾವಿಗಳ ನೀರು ಹಲವೆಡೆ ಗಡಸು. ಲೀಟರಿಗೆ ಅರ್ಧ ಗ್ರಾಂ ಖನಿಜವಿರುವ ನೀರನ್ನು ದಿನಕ್ಕೊಂದು ಲೀಟರಿನಂತೆ ತುಂಬಿದರೆ ವರ್ಷಕ್ಕೆ 180 ಗ್ರಾಮಿಗೂ ಹೆಚ್ಚು ಖನಿಜ ತೊಟ್ಟಿಯಲ್ಲಿ ಕೂಡುತ್ತದೆ. ಅದೂ ಆವಿಯಾಗಿ ಹೋಗುವಂಥದಲ್ಲ. ಆದುದರಿಂದ ಶುದ್ಧೀಕರಿಸಿದ ನೀರು ಮೇಲು. ಕುಡಿಯುವ ನೀರಿಗಾಗಿ ಇಂದು ಅನೇಕ ಮನೆಗಳಲ್ಲಿರುವ ಆರ್.ಓ. ಯಂತ್ರದ ನೀರು ಆದೀತು. ಮೊದಲ ಒಂದೆರಡು ಮಳೆ ಸುರಿದು ತಾರಸಿ ತೊಳೆದ ಮೇಲೆ ಹಿಡಿದಿಟ್ಟ ಮಳೆನೀರೂ ಆದೀತು.

ಕರಾವಳಿಯವರಿಗೆ ಬೇರೊಂದು ಬಗೆಯ ತೊಡಕು. ಅವರು ಕಡಲಿನ ನೀರನ್ನೇ ತರಬಲ್ಲರು. ಆದರೆ ನದಿಮುಖಗಳ ಸಮೀಪದಲ್ಲಿ, ಅದರಲ್ಲಿಯೂ ಮಳೆಗಾಲದಲ್ಲಿ, ಆ ನೀರು ಬಹಳ ಸಪ್ಪೆಯಾಗಿರುತ್ತದೆ. ಅಳೆಯದೆ ಬಳಸಬಾರದು.

ತುಂಬುವಾಗ ಸ್ವಲ್ಪಸ್ವಲ್ಪವಾಗಿ ತುಂಬಬೇಕು. ವಾರಕ್ಕೊಮ್ಮೆ ಏಳು ಲೀಟರನ್ನು ಒಮ್ಮೆಲೆ ಸುರಿದರೆ ಲೆಕ್ಕ ಸರಿಹೋದೀತು, ಜೀವಿಗಳಿಗೆ ಸರಿಹೋಗದು. ವಾರವಿಡೀ ಏರಿದ ಉಪ್ಪು ಒಂದೇ ಗಳಿಗೆಯಲ್ಲಿ ಇಳಿಯುತ್ತದೆ. ದಿನಕ್ಕೆ ಎರಡು ಹೊತ್ತು ಅರ್ಧರ್ಧ ಲೀಟರು ಸುರಿಯುವುದು ಲೇಸು. ಇದನ್ನು ತಾನಾಗಿಯೇ ನಡೆಯುವಂತೆ ಮಾಡುವ ಸರಳ ಉಪಾಯವೊಂದಿದೆ. ಕೋಳಿಮರಿಗಳಿಗೆ ನೀರಿಡುವ ತಟ್ಟೆಯನ್ನು ನೋಡಿರುವಿರಾ? ನೀರು ತುಂಬಿದ ಬಾಟಲಿಯನ್ನು ಅದರ ಮೇಲೆ ಬೋರಲಾಗಿ ನಿಲ್ಲಿಸಿರುತ್ತಾರೆ. ತಟ್ಟೆಯ ನೀರು ಬಾಟಲಿಯ ಬಾಯಿಗಿಂತ ಕೆಳಗಿಳಿದೊಡನೆ ಒಂದು ಗುಳ್ಳೆ ಗಾಳಿ ಒಳಹೋಗಿ, ಅಷ್ಟೇ ನೀರು ಹೊರಬರುತ್ತದೆ. ಬಾಯಿ ಮುಳುಗಿತೆಂದರೆ ಹರಿವು ನಿಲ್ಲುತ್ತದೆ. ಸಿಹಿನೀರು ತುಂಬಿದ ಬಾಟಲಿಯನ್ನು ಅದರ ಬಾಯಿ ತೊಟ್ಟಿಯ ಗೆರೆಗೆ ಸರಿಯಾಗಿರುವಂತೆ ಬೋರಲಾಗಿ ಕಟ್ಟಿದರೆ ಇದೇ ಕೆಲಸ ನಡೆಯುತ್ತದೆ. ಸಿಹಿನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರು ಮೇಲೇರಿ ಬಾಟಲಿಯನ್ನು ಸೇರುವುದೂ ಇಲ್ಲ.

ಮನೆಯ ಮೇಲಿನ ಟ್ಯಾಂಕಿನಲ್ಲಿರುವಂಥ ಬಾಲ್ ವಾಲ್ವನ್ನೋ ವಿದ್ಯುತ್ತಿನಿಂದ ನಡೆಯುವ ಸಾಧನವನ್ನೋ ಜೋಡಿಸುವವರೂ ಉಂಟು. ಅನುಕೂಲವೇನೋ ಹೌದು. ಆದರೆ ಪಾಚಿ ಕಟ್ಟಿಯೋ ಬಸವನಹುಳು ಏರಿ ಕುಳಿತೋ ತೇಲುಗುಂಡು ಸಿಕ್ಕಿಕೊಂಡರೆ ನೀರು ನಿಲ್ಲದೆ ಬರುತ್ತದೆ. ಆ ಸಾಧನವನ್ನು ನೇರವಾಗಿ ನಲ್ಲಿಗೆ ಜೋಡಿಸಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಕಡಲು ಕೆರೆಯಾಗುತ್ತದೆ. ಐದು ಲೀಟರಿನ ಪ್ರತ್ಯೇಕ ಕ್ಯಾನಿಗೆ ಜೋಡಿಸಿದ್ದರೆ ಆಗುವ ಅತಿ ದೊಡ್ಡ ಅನರ್ಥವೆಂದರೆ ಐದು ಲೀಟರು ಹೆಚ್ಚು ಸೇರುವುದು. ಆಗ ಲವಣ ಲೀಟರಿಗೆ 33.3 ಗ್ರಾಮಿಗೆ ಇಳಿಯುತ್ತದೆ. ಅಷ್ಟನ್ನು ಜೀವಿಗಳು ಸಹಿಸಿಯಾವು.

ಇಷ್ಟೆಲ್ಲ ತಾಪತ್ರಯವೇಕೆ, ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ ಆವಿಯನ್ನೇ ತಡೆದರಾಗದೆ ಎಂದು ತೋರಬಹುದು. ಮುಚ್ಚಳದಿಂದ ನೀರಿನ ನಷ್ಟ ಬಹುಮಟ್ಟಿಗೆ ಕಡಿಮೆಯಾಗುವುದು ನಿಜ. ಆದರೆ ಬಾಷ್ಪೀಭವನವು ನೀರನ್ನು ಒಯ್ಯುವುದಷ್ಟೇ ಅಲ್ಲ, ಉಷ್ಣವನ್ನೂ ಒಯ್ಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಇದೇ ಕಾರಣದಿಂದ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ಒಂದು ಲೀಟರು ಆವಿಯಾಗುವಾಗ ಒಯ್ಯುವ ಉಷ್ಣವನ್ನೆಲ್ಲ ನೂರು ಲೀಟರು ನೀರಿನಿಂದಲೇ ತೆಗೆದರೆ ಆ ನೀರು ಸುಮಾರು 6 ಡಿಗ್ರಿಯಷ್ಟು ತಣಿಯಬೇಕು. ವಾಸ್ತವದಲ್ಲಿ ಕೋಣೆಯ ಗಾಳಿಯಿಂದಲೂ ದೀಪ ಮತ್ತು ಪಂಪುಗಳಿಂದಲೂ ಉಷ್ಣವು ಒಳಗೆ ಬರುತ್ತಿರುವುದರಿಂದ ಅಷ್ಟು ತಣಿಯುವುದಿಲ್ಲ. ಆದರೆ ಬೇಸಗೆಯಲ್ಲಿ ತೊಟ್ಟಿ ಕುದಿಯೇರದಂತೆ ಕಾಯುವುದು ಇದೇ. ಬೆಚ್ಚಗಿನ, ಉಪ್ಪಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದರೆ, ಸಮುದ್ರದ ನೀರು 7 ಮಿಲಿಗ್ರಾಮಿಗಿಂತಲೂ ಕಡಿಮೆ ಹಿಡಿಯುತ್ತದೆ. ಬಿಗಿಯಾದ ಮುಚ್ಚಳವು ಗಾಳಿಯ ಸಂಚಾರವನ್ನೂ ತಡೆಯುತ್ತದೆ. ಹೀಗಾಗಿ ನನ್ನ ಅಭಿಪ್ರಾಯದಲ್ಲಿ ಆವಿಯನ್ನು ಪೂರ್ತಿ ನಿಲ್ಲಿಸಲು ಹೆಣಗುವುದಕ್ಕಿಂತ, ಹೋಗಲು ಬಿಟ್ಟು ಹೋದಷ್ಟನ್ನು ತುಂಬುವುದೇ ಜಾಣತನ. ಮೀನು ಹೊರಗೆ ನೆಗೆಯದಂತೆ ಬಾಯಿಗೆ ಒಂದು ಬಲೆಯನ್ನು ಹೊದಿಸಿದರೆ ಸಾಕು.

ಎಷ್ಟು ಹೋಗುತ್ತದೆಂಬುದು ಊರಿನ ಹವೆಯನ್ನೂ ಅವಲಂಬಿಸಿದೆ. ಆಷಾಢದ ಮಂಗಳೂರಿನಲ್ಲಿ ಗಾಳಿಯೇ ನೀರಿನಿಂದ ತೊಯ್ದಿರುವಾಗ ಮಟ್ಟ ಇಳಿಯುವುದೇ ಅಪರೂಪ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಒಣಗಾಳಿ ಬೀಸುತ್ತಿದ್ದು, ತೊಟ್ಟಿಯ ಮೇಲೊಂದು ಫ್ಯಾನೂ ತಿರುಗುತ್ತಿದ್ದರೆ ನಷ್ಟ ಹಲವು ಪಟ್ಟು ಹೆಚ್ಚುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಸಲ್ಲದು. ಗೆರೆಯನ್ನು ನೋಡಿಯೇ ತಿಳಿಯಬೇಕು.

ಸಿಹಿನೀರನ್ನೇ ತುಂಬಬೇಕೆಂಬ ನಿಯಮಕ್ಕೆ ಒಂದು ಮಿತಿಯೂ ಉಂಟು. ತಳದ ಕಸವನ್ನು ತೆಗೆಯಲು ಬಕೆಟ್ಟಿನಲ್ಲಿ ಹೊರಕ್ಕೆ ತೆಗೆದ ನೀರಿನೊಡನೆ ಉಪ್ಪೂ ಹೋಗಿರುತ್ತದೆ. ಅಲ್ಲಿ ಉಪ್ಪುನೀರನ್ನೇ ಮರಳಿ ತುಂಬಬೇಕು. ಗಾಜಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದು, ಅದನ್ನು ಆವಿಯೆಂದು ಭ್ರಮಿಸಿ ಸಿಹಿನೀರು ತುಂಬುತ್ತ ಹೋದರೆ ಉಪ್ಪು ದಿನದಿನಕ್ಕೆ ಇಳಿಯುತ್ತದೆ. ತೊಟ್ಟಿಯ ಅಂಚಿನಲ್ಲಿ ನೀರಿನ ಹನಿಗಳು ಸಿಡಿದು ಒಣಗಿ ಬಿಳಿಯ ಹೆಕ್ಕಳಿಕೆಯಾಗುವುದೂ ಉಪ್ಪಿನ ನಷ್ಟವೇ. ಈ ಕಾರಣಗಳಿಂದ ವಾರಕ್ಕೊಮ್ಮೆ ಹೈಡ್ರೋಮೀಟರನ್ನು ತೇಲಿಬಿಟ್ಟು ನೋಡುವುದನ್ನು ಬಿಡಬಾರದು. ನಮ್ಮ ಮನೆಯಲ್ಲಿ ಎರಡು ಕ್ಯಾನುಗಳಿವೆ. ಒಂದರ ಮೇಲೆ ‘ಸಿಹಿ’ ಎಂದೂ ಇನ್ನೊಂದರ ಮೇಲೆ ‘ಉಪ್ಪು’ ಎಂದೂ ದೊಡ್ಡದಾಗಿ ಬರೆದಿದೆ.

ಆ ದಿನ ಕೈಯಲ್ಲಿದ್ದ ಉಪ್ಪುನೀರನ್ನು ಕೆಳಗಿಟ್ಟ ಮೇಲೆ ನನ್ನ ಮೊದಲ ಯೋಚನೆ ತೊಟ್ಟಿಯ ಕಾಲು ಭಾಗದಷ್ಟು ನೀರನ್ನು ತೆಗೆದು ಒಮ್ಮೆಲೇ ಸಿಹಿನೀರು ಸುರಿದುಬಿಡುವುದಾಗಿತ್ತು. ಹಾಗೆ ಮಾಡಿದ್ದರೆ ಉಳಿದವೂ ಸಾಯುತ್ತಿದ್ದುವೇನೋ. ತಿಂಗಳಿಡೀ ಏರಿದ್ದನ್ನು ಗಳಿಗೆಯಲ್ಲಿ ಇಳಿಸಬಾರದು. ದಿನಕ್ಕೆ ಎರಡು ಲೀಟರು ತೊಟ್ಟಿಯ ನೀರನ್ನು ತೆಗೆದು, ಅಷ್ಟೇ ಸಿಹಿನೀರನ್ನು ತೊಟ್ಟುತೊಟ್ಟಾಗಿ ಬಿಡುತ್ತ ಬಂದೆ; ಆವಿಯಾದ ಒಂದು ಲೀಟರನ್ನು ಬೇರೆಯಾಗಿ ತುಂಬಿದೆ. ಹೀಗೆ ಮಾಡಿದರೆ ದಿನಕ್ಕೆ ನೂರರಲ್ಲಿ ಎರಡು ಪಾಲು ಉಪ್ಪು ಇಳಿಯುತ್ತದೆ. 45.5ರಿಂದ 35ಕ್ಕೆ ಬರಲು ಹದಿಮೂರು ದಿನಗಳು ಬೇಕಾದವು. ಐದನೆಯ ದಿನ ಮೀನುಗಳು ತಿನಿಸಿಗೆ ಬಾಯಿ ಹಾಕಿದವು. ಹದಿಮೂರನೆಯ ಬೆಳಗ್ಗೆ ಹೈಡ್ರೋಮೀಟರು 1.026ರಲ್ಲಿ ನಿಂತಿತು. ಆ ವಾರವೇ ಸೀಗಡಿ ತನ್ನ ಹಳೆಯ ಚಿಪ್ಪನ್ನು ಕಳಚಿ ಸಂದಿಯಿಂದ ಹೊರಬಂದಿತು. ನಕ್ಷತ್ರಮೀನು ಅಂಟಿಕೊಂಡಿರುತ್ತಿದ್ದ ಬಂಡೆಯ ಜಾಗ ಮಾತ್ರ ಇಂದಿಗೂ ಬರಿದಾಗಿಯೇ ಉಳಿದಿದೆ.